ನೂಕಬ್ಯಾಡ್ರಿ ಅಂದ್ರ ಸಾಲದು

ಪ್ರಶ್ನೆ: ಶಹಾಪುರ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಶಿಕ್ಷಕಿ ಇದ್ದೀನ್ರಿ. 1ರಿಂದ 3ನೇ ತರಗತಿಯ 34 ಮಕ್ಕಳು, ನಳ ಒಂದೇ. ಬಿಸಿಯೂಟದ ಗಂಟೆ ಬಾರಿಸಿದ್ರ ಕೈ ತೊಳೆಯೋ ಕಡೆ ದಿನಾ ನೂಕಾಟ, ಹೊಡೆದಾಟ. ಎಷ್ಟು ಹೇಳಿದ್ರೂ ಕೇಳಂಗಿಲ್ಲ.

ಉತ್ತರ: "ನೂಕಬ್ಯಾಡ್ರಿ" ಅಂದಾಗ ಏನು ಮಾಡಬಾರದು ಅನ್ನುವುದಷ್ಟೇ ಮಗುವಿಗೆ ತಿಳಿಯುತ್ತದೆ. ಅದರ ಬದಲು ಏನು ಮಾಡಬೇಕೆಂದು ಮಾಡಿ ತೋರಿಸಬೇಕು. ಹಸಿದ ಹೊತ್ತಿನಲ್ಲಿ ಇದು ಆಗದ ಮಾತು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ 10 ನಿಮಿಷ ನಳದ ಹತ್ತಿರವೇ ಕರೆದೊಯ್ಯಿರಿ.

ನೆಲದ ಮೇಲೆ ಮೊಳಕ್ಕೊಂದರಂತೆ ಸುಣ್ಣದಲ್ಲಿ 8 ಸುತ್ತು ಬರೆಯಿರಿ. ಸಾಲಿನಲ್ಲಿ ಎಂಟೇ ಮಕ್ಕಳು. ಉಳಿದವರು ನೆರಳಿನಲ್ಲಿ ಕೂತಿರಲಿ. 34 ಮಕ್ಕಳ ಸಾಲಿನಲ್ಲಿ ತಾಳ್ಮೆಯಿಂದ ನಿಲ್ಲುವುದು ಆರು ವರ್ಷದವರಿಗೆ ಮೀರಿದ ಕೆಲಸ. ಎರಡೂ ಪಾದ ಸುತ್ತಿನೊಳಗಿರಲಿ, ತಾಟನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿರಲಿ. ಕೈಗೆ ಕೆಲಸವಿದ್ದರೆ ನೂಕಲು ಕೈ ಬಿಡುವಿರುವುದಿಲ್ಲ. ಹಿಂದಿನವನು ನೂಕಿದರೆ ತಿರುಗಿ, ಅಂಗೈ ತೋರಿಸಿ, "ನನ್ನ ಪಾಳಿ ಅದ" ಎನ್ನಬೇಕು; ಆಗಲೂ ನೂಕಿದರೆ ನಿಮ್ಮ ಹತ್ತಿರ ಬರಬೇಕು. ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳಿದ್ದರೆ ಆ ಮಾತು ಅವರ ನುಡಿಯಲ್ಲೂ ಇರಲಿ. ಪ್ರತಿ ಮಗುವೂ ಒಮ್ಮೆಯಾದರೂ ಮಾಡಿ ತೋರಿಸಬೇಕು. ತಪ್ಪು ರೀತಿಯನ್ನು ತೋರಿಸುವುದಿದ್ದರೆ ನೀವೇ ತೋರಿಸಿ. ತುಂಟ ಹುಡುಗನಿಂದ ಮಾಡಿಸಿದರೆ ಎಲ್ಲರೂ ನಗುತ್ತಾರೆ, ಅವನಿಗೆ ಆ ನಗುವೇ ಬಹುಮಾನವಾಗುತ್ತದೆ.

ಒಂದು ವಾರ ದಿನಾ, ದಸರಾ ರಜೆ ಮುಗಿದ ಮೇಲೆ ಮತ್ತೆ ಮೂರು ದಿನ ಇದೇ ಅಭ್ಯಾಸ.

ಯಾರಾದರೂ ಸಾಲು ಮುರಿದಾಗ "ನೆಟ್ಟಗ ನಿಲ್ತಿಯೋ, ಹೆಡ್‌ಮಾಸ್ಟರ್ ಹತ್ರ ಕಳಸ್ಲೋ?" ಅನ್ನುವುದು ಆಯ್ಕೆಯಲ್ಲ, ಬೆದರಿಕೆ. ಎರಡೂ ದಾರಿ ನಿಮಗೆ ಒಪ್ಪಿಗೆಯಾಗಿರಬೇಕು: "ಸುತ್ತಿನ್ಯಾಗ ನಿಲ್ತಿಯೋ, ಕಟ್ಟಿ ಮ್ಯಾಲ ಕೂತು ಮುಂದಿನ ಎಂಟು ಮಂದಿ ಜೋಡಿ ಬರ್ತಿಯೋ?" ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಸುಮ್ಮನಿರಿ. ನಡುವೆ ಮತ್ತೆ ಹೇಳಿದರೆ ಮಗು ಯೋಚಿಸುವುದನ್ನು ಬಿಟ್ಟು ನಿಮ್ಮ ದನಿಗೆ ಸೆಟೆಯುತ್ತದೆ. ಪಾಳಿ ಹಿಂದಾದರೆ ಚಿಂತೆಯಿಲ್ಲ; ಊಟ ಮಾತ್ರ ಎಂದಿಗೂ ತಪ್ಪಿಸಬೇಡಿ. ಬೆತ್ತ, ಬೈಗುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ನಿಷೇಧಿಸಿದೆ.

"ಶಾಣ್ಯಾ ಅದಿ" ಎಂದರೆ ಯಾಕೆ ಶಾಣ್ಯಾ ಎಂದು ಮಗುವಿಗೆ ಗೊತ್ತಾಗದು. "ಅಂವ ನೂಕಿದ್ರೂ ನೀ ಹೊಡೀಲಿಲ್ಲ, ಬಾಯಿಲೇ ಹೇಳಿದಿ" ಎಂದು ಹತ್ತಿರ ಹೋಗಿ ಮೆಲ್ಲಗೆ ಹೇಳಿ. ಗೋಡೆಗೆ ಹೆಸರು ಹಚ್ಚಿ ನಕ್ಷತ್ರ ಅಂಟಿಸುವುದು ನಮಗೆ ಒಪ್ಪಿಗೆಯಿಲ್ಲ. ದಿನಾ ಅದೇ ನಾಲ್ಕು ಮಕ್ಕಳು ಕೆಳಗುಳಿಯುತ್ತಾರೆ, ಆಮೇಲೆ ಪ್ರಯತ್ನವನ್ನೇ ಬಿಡುತ್ತಾರೆ.

ಮೊದಲ ವಾರ ನೂಕಾಟ ಹೆಚ್ಚಬಹುದು. ಇಷ್ಟು ದಿನ ನೂಕಿಯೇ ನಳ ಮುಟ್ಟಿದವನು ಈಗ ಇನ್ನೂ ಜೋರಾಗಿ ನೂಕಿ ನೋಡುತ್ತಾನೆ. ಆ ದಿನ "ಹೋಗ್ಲಿ ಬಿಡು" ಎಂದು ಮುಂದೆ ಬಿಟ್ಟರೆ, ಜೋರಾಗಿ ನೂಕಿದರೆ ಆಗುತ್ತದೆ ಎಂಬ ಪಾಠವನ್ನು ನೀವೇ ಕಲಿಸಿದಂತಾಗುತ್ತದೆ.

ಪ್ರಶ್ನೆ: ಮಗ ಹುಮನಾಬಾದಿನಲ್ಲಿ ಒಂದನೇ ತರಗತಿ. ದಿನಾ ಸಾಲಿಯಿಂದ ದೂರು. "ಚೊಲೋ ಇರಪಾ" ಅಂತ ಹೇಳಿ ಕಳಿಸ್ತೀನಿ, ಸಂಜೀಕ ಬೈತೀನಿ. ಏನೂ ಉಪಯೋಗ ಆಗಿಲ್ಲ.

ಉತ್ತರ: ತಾಯಿ, ಬೆಳಿಗ್ಗೆಯ ತಪ್ಪಿಗೆ ಸಂಜೆ ಬೈದರೆ, ಯಾವುದಕ್ಕೆ ಬೈಗುಳ ಬಿತ್ತೆಂದು ಈ ವಯಸ್ಸಿಗೆ ಹೊಂದಿಸಿಕೊಳ್ಳುವುದು ಕಷ್ಟ. ಯಾವ ಹೊತ್ತಿನಲ್ಲಿ, ಯಾರ ಪಕ್ಕದಲ್ಲಿದ್ದಾಗ ಜಗಳ ಎಂದು ಟೀಚರ್ ಅವರನ್ನು ಕೇಳಿ. ಪೆನ್ಸಿಲ್ ಕಸಿದುಕೊಳ್ಳುವುದೇ ತಕರಾರಾದರೆ ಮನೆಯಲ್ಲಿ ನೀವು ಗೆಳೆಯನಾಗಿ, "ನಿಂದು ಕೊಡು, ಆಮ್ಯಾಲ ವಾಪಸ್ ಕೊಡ್ತೀನಿ" ಎಂದು ಕೇಳುವುದನ್ನು ರಾತ್ರಿ ಐದು ಸಲ ಆಡಿಸಿ. ವಾರಕ್ಕೆ ಒಂದೇ ವಿಷಯ.

ಇನ್ನೊಂದು: ಹಿಂದಿನಿಂದ ಕರೆದರೆ ತಿರುಗುತ್ತಾನೆಯೇ ನೋಡಿ. ಕಿವಿ ಸೋರುವ ಮಕ್ಕಳಿಗೆ ಮಾತು ಅರ್ಧವೇ ಕೇಳಿಸಬಹುದು, ಹೇಳಿದ್ದನ್ನು ಕೇಳುವುದಿಲ್ಲ ಎಂದು ನಾವು ಬೈಯುತ್ತಿರುತ್ತೇವೆ. ಅನುಮಾನವಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವಾರವೇ ತೋರಿಸಿ.