ಹತ್ತೋ, ಹನ್ನೆರಡೋ: ಆರಂಭಿಕ ಮುದ್ರಿತ ಗ್ರಂಥಗಳ ಸಿಬಿಲ್‌ಗಳು

ಸಿಬಿಲ್‌ಗಳು, ಅಂದರೆ ಗ್ರೀಕ್ ಮತ್ತು ರೋಮನ್ ಪರಂಪರೆಯ ಭವಿಷ್ಯವಾದಿನಿಯರು, ಕೆಲವು ಹಳೆಯ ಗ್ರಂಥಗಳಲ್ಲಿ ಹತ್ತು ಮಂದಿಯಾಗಿಯೂ ಮತ್ತೆ ಕೆಲವುಗಳಲ್ಲಿ ಹನ್ನೆರಡು ಮಂದಿಯಾಗಿಯೂ ಏಕೆ ಕಾಣಿಸಿಕೊಳ್ಳುತ್ತಾರೆ, ಅವರ ಉಡುಪು ಪ್ರಾಚೀನ ಕಾಲದ್ದಾಗಿ ಏಕಿಲ್ಲ ಎಂದು ತಾವು ಕೇಳಿದ್ದೀರಿ.

ಹತ್ತರ ಪಟ್ಟಿ ರೋಮನ್ ವಿದ್ವಾಂಸ ವಾರೋನದು. ಅವನ ಮೂಲಗ್ರಂಥ ನಷ್ಟವಾಗಿದ್ದರೂ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಅದನ್ನು ಉದ್ಧರಿಸಿದ್ದರಿಂದ ಉಳಿದುಬಂತು, ಮತ್ತು ಲ್ಯಾಕ್ಟಾಂಟಿಯಸ್‌ನ ಕೃತಿ 1465ರಲ್ಲಿಯೇ ಇಟಲಿಯ ಸುಬಿಯಾಕೊದಲ್ಲಿ ಅಚ್ಚಾಯಿತು. ಹದಿನೈದನೆಯ ಶತಮಾನದಲ್ಲಿ ಈ ಪಟ್ಟಿಗೆ ಯುರೋಪಾ, ಅಗ್ರಿಪ್ಪಾ ಎಂಬ ಇಬ್ಬರು ಸೇರಿದರು. ಬೈಬಲಿನ ಹಳೆಯ ಒಡಂಬಡಿಕೆಯ ಪ್ರವಾದಿಗಳೊಡನೆ ಜೋಡಿಯಾಗಿ ನಿಲ್ಲಿಸಲು ಹನ್ನೆರಡು ಅನುಕೂಲಕರ ಸಂಖ್ಯೆಯಾಗಿತ್ತೆಂಬ ವಿವರಣೆ ನನಗೆ ಒಪ್ಪಿತವಾಗಿ ತೋರುತ್ತದೆ. ಡೊಮಿನಿಕನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಫಿಲಿಪ್ಪೊ ಬಾರ್ಬಿಯೇರಿಯ ಗ್ರಂಥವು 1481ರಲ್ಲಿ ರೋಮಿನಲ್ಲಿ ಮುದ್ರಣಗೊಂಡಾಗ ಹನ್ನೆರಡು ಮಂದಿಯೂ ಮರದಚ್ಚಿನ ಚಿತ್ರಗಳಾಗಿ ಬಂದರು. ಪ್ರತಿಯೊಬ್ಬಳ ವಾಣಿಯನ್ನೂ ಕ್ರಿಸ್ತನ ಆಗಮನದ ಮುನ್ಸೂಚನೆಯೆಂದು ಅಲ್ಲಿ ಓದಲಾಗಿದೆ. ಆದರೆ ಹನ್ನೆರಡರ ಈ ಪಟ್ಟಿ ಬಾರ್ಬಿಯೇರಿಯ ಕಲ್ಪನೆಯೇನಲ್ಲ, ಏಕೆಂದರೆ ರೋಮಿನ ಓರ್ಸಿನಿ ಅರಮನೆಯ ಗೋಡೆಗಳ ಮೇಲೆ ಅದಕ್ಕೂ ದಶಕಗಳ ಮೊದಲೇ ಹನ್ನೆರಡು ಸಿಬಿಲ್‌ಗಳ ಚಿತ್ರಗಳಿದ್ದವು.

ಉಡುಪಿನ ವಿಷಯ ಸರಳ: ಚಿತ್ರಕಾರರು ಪ್ರಾಚೀನರಿಗೂ ತಮ್ಮ ಕಾಲದ ಉಡುಪನ್ನೇ ತೊಡಿಸುತ್ತಿದ್ದರು. 1473ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಯೋಹಾನ್ ಜೈನರ್ ಮುದ್ರಿಸಿದ, ಇಟಲಿಯ ಲೇಖಕ ಬೊಕ್ಕಾಚಿಯೊನ ಪ್ರಸಿದ್ಧ ಸ್ತ್ರೀಯರ ಚರಿತ್ರೆಯಲ್ಲಿ ಪ್ರಾಚೀನ ಸ್ತ್ರೀಯರೆಲ್ಲರೂ ಆ ಕಾಲದ ಜರ್ಮನ್ ನಗರದ ಗೃಹಿಣಿಯರಂತೆಯೇ ಇದ್ದಾರೆ. ಮುಖದ ಹೋಲಿಕೆಯನ್ನಂತೂ ಈ ಚಿತ್ರಗಳಲ್ಲಿ ಹುಡುಕಬೇಡಿ: 1493ರ ನ್ಯೂರೆಂಬರ್ಗ್ ಚರಿತ್ರೆ ಎಂಬ ಜಗತ್ತಿನ ಇತಿಹಾಸದ ಗ್ರಂಥದಲ್ಲಿ ಸುಮಾರು 645 ಮರದಚ್ಚುಗಳಿಂದ 1800ಕ್ಕೂ ಹೆಚ್ಚು ಚಿತ್ರಗಳನ್ನು ಮುದ್ರಿಸಿದ್ದು, ಒಂದೇ ಮುಖ ಹಲವು ಹೆಸರುಗಳ ಕೆಳಗೆ ಮರಳಿ ಬರುತ್ತದೆ.