ಬ್ಯಾಕ್‌ಸ್ಲ್ಯಾಷ್ ಅಳಿಸುವ ಮೊದಲು, ಸೇರಿಸುತ್ತಿರುವುದು ಯಾರೆಂದು ಹಿಡಿಯಿರಿ

ಫಾರ್ಮಿನಲ್ಲಿ “ಡಿ'ಸೋಜ” ಎಂದು ತುಂಬಿದರೆ “ಡಿ\'ಸೋಜ” ಎಂದು ಬ್ಯಾಕ್‌ಸ್ಲ್ಯಾಷ್ ಸಮೇತ ಉಳಿಯುತ್ತದೆ, ಅದನ್ನು ಅಳಿಸುವ ಸ್ಟ್ರಿಪ್‌ಸ್ಲ್ಯಾಷಸ್ ಫಂಕ್ಷನ್ ಎಲ್ಲ ಕಡೆ ಹಾಕಿಬಿಡಲೇ ಎಂದು ಕೇಳಿದ್ದೀರಿ. ಹಾಕಬೇಡಿ. ನಾನು ಹಾಕಿ ಕೈ ಸುಟ್ಟುಕೊಂಡಿದ್ದೇನೆ.

ಮಂಗಳೂರಿನ ಒಂದು ಸಂಘದ ಸದಸ್ಯತ್ವದ ಜಾಲತಾಣ ನೋಡಿಕೊಳ್ಳುತ್ತಿದ್ದೆ. ಡಿ'ಸೋಜ, ಡಿ'ಸಿಲ್ವ, ಡಿ'ಮೆಲ್ಲೊ ಎಂಬ ಹೆಸರುಗಳು ಪುಟಪುಟಕ್ಕೂ ಸಿಗುವ ಊರು. ಜಾಲತಾಣ ನಡೆಸುತ್ತಿದ್ದದ್ದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ. ಅದರ ಮ್ಯಾಜಿಕ್ ಕೋಟ್ಸ್ ಎಂಬ ಸೌಲಭ್ಯ, ಫಾರ್ಮಿನಿಂದ ಬಂದ ಪ್ರತಿ ಉದ್ಧರಣ ಚಿಹ್ನೆಯ ಹಿಂದೆ ತಾನೇ ಬ್ಯಾಕ್‌ಸ್ಲ್ಯಾಷ್ ಇಡುತ್ತಿತ್ತು. ನಾವು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮಾಹಿತಿಯನ್ನು ಆಜ್ಞೆಯಿಂದ ಬೇರೆಯಾಗಿ ಡೇಟಾಬೇಸಿಗೆ ಕೊಡುವ ವಿಧಾನ) ಬಳಸುತ್ತಿದ್ದೆವು, ಹಾಗಾಗಿ ಅದು ಇದ್ದಂತೆಯೇ ಡೇಟಾಬೇಸಿಗೆ ಇಳಿಯುತ್ತಿತ್ತು. ಸದಸ್ಯರು ವಿಳಾಸ ತಿದ್ದಿ ಉಳಿಸಿದಂತೆಲ್ಲ ಒಂದಿದ್ದದ್ದು ಮೂರಾಯಿತು, ಮೂರು ಏಳಾಯಿತು; ಬ್ಯಾಕ್‌ಸ್ಲ್ಯಾಷಿಗೂ ಅದು ಒಂದೊಂದು ಬ್ಯಾಕ್‌ಸ್ಲ್ಯಾಷ್ ಸೇರಿಸುತ್ತದೆ.

ಸ್ಟ್ರಿಪ್‌ಸ್ಲ್ಯಾಷಸ್ ಒಮ್ಮೆ ಓಡಿಸಿದರೆ ಏಳು ಮೂರಕ್ಕೆ ಇಳಿಯುತ್ತದೆ, ಅಷ್ಟೇ. ನಾನು ಬ್ಯಾಕ್‌ಸ್ಲ್ಯಾಷ್ ಒಂದೂ ಉಳಿಯದವರೆಗೆ ಲೂಪಿನಲ್ಲಿ, ಅದೂ ಇಡೀ ಟೇಬಲ್ಲಿನ ಮೇಲೆ ಓಡಿಸಿದೆ. ಪ್ರತಿ ತೆಗೆದಿಟ್ಟಿರಲಿಲ್ಲ. ಹೆಸರುಗಳು ಸರಿಯಾದವು. ಆದರೆ ವಿಳಾಸದ ಕಾಲಂ ಜೇಸನ್ ರೂಪದಲ್ಲಿತ್ತು, ಅಂದರೆ ಮಾಹಿತಿಯನ್ನು ಪಠ್ಯವಾಗಿ ಜೋಡಿಸಿಡುವ ಒಂದು ಬಗೆಯಲ್ಲಿ. ಪಿಎಚ್‌ಪಿ ಬೇರೆ ಹೇಳದಿದ್ದರೆ ಜೇಸನ್‌ನಲ್ಲಿ ಕನ್ನಡ ಅಕ್ಷರಗಳನ್ನು ಯೂನಿಕೋಡ್ ಸಂಕೇತವಾಗಿ ಬರೆಯುತ್ತದೆ: “ಕ” ಎಂದರೆ \ಯು0ಸಿ95. ಬ್ಯಾಕ್‌ಸ್ಲ್ಯಾಷ್ ಹೋದ ಮೇಲೆ ಉಳಿದದ್ದು ಬರಿಯ ಯು0ಸಿ95. “ಕದ್ರಿ” ಎಂಬ ಎರಡಕ್ಷರ ಹೀಗೆ ಐದು ಸಂಕೇತಗಳ ಸಾಲಾಗಿ ಕುಳಿತಿತ್ತು. ಅದನ್ನಾದರೂ ವಿನ್ಯಾಸ ಹಿಡಿದು ಮರಳಿ ತಂದೆ. ಹೊಸ ಸಾಲಿನ ಗುರುತಾದ \ಎನ್ ಬರಿಯ “ಎನ್” ಅಕ್ಷರವಾಗಿತ್ತು, ಅದಕ್ಕೆ ಉಪಾಯವಿರಲಿಲ್ಲ. ಕಾಗದದ ಅರ್ಜಿಗಳನ್ನು ಹುಡುಕಿ ತೆಗೆದು ಕೈಯಾರೆ ತುಂಬಬೇಕಾಯಿತು. ಯಾವ ಬ್ಯಾಕ್‌ಸ್ಲ್ಯಾಷ್ ಬೇಡದ್ದು, ಯಾವುದು ಬೇಕಾದದ್ದು ಎಂದು ಆ ಫಂಕ್ಷನ್‌ಗೆ ತಿಳಿಯುವುದಿಲ್ಲ.

ಆದ್ದರಿಂದ ಎಲ್ಲಿ ಅಳಿಸಲಿ ಎಂಬ ಪ್ರಶ್ನೆ ಬಿಡಿ. ಕೋಡಿನ ಮೊದಲ ಸಾಲಿನಲ್ಲೇ ಪೋಸ್ಟ್ ಮಾಹಿತಿಯನ್ನು, ಅಂದರೆ ಫಾರ್ಮಿನಿಂದ ಬಂದದ್ದನ್ನು, ಮುದ್ರಿಸಿ ನೋಡಿ. ಅಲ್ಲೇ ಬ್ಯಾಕ್‌ಸ್ಲ್ಯಾಷ್ ಇದ್ದು, ಪಿಎಚ್‌ಪಿ 5.3 ಅಥವಾ ಅದಕ್ಕಿಂತ ಹಳೆಯದಾದರೆ ಮ್ಯಾಜಿಕ್ ಕೋಟ್ಸನ್ನು ಪಿಎಚ್‌ಪಿ ಡಾಟ್ ಐಎನ್‌ಐ ಎಂಬ ಸೆಟ್ಟಿಂಗ್ ಕಡತದಲ್ಲೇ ಆಫ್ ಮಾಡಿ. ಕೋಡಿನೊಳಗಿಂದ ಆಫ್ ಮಾಡುವ ಹೊತ್ತಿಗೆ ಮಾಹಿತಿ ಆಗಲೇ ಕೆಟ್ಟಿರುತ್ತದೆ. 2012ರ 5.4ರಲ್ಲಿ ಅದನ್ನು ತೆಗೆದೇ ಹಾಕಿದರು. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ ಮಾತ್ರ ಇಂದಿಗೂ ಬ್ಯಾಕ್‌ಸ್ಲ್ಯಾಷ್ ತಾನಾಗಿ ಸೇರಿಸುತ್ತದೆ. ಅಲ್ಲಿ ಮಾಹಿತಿ ಕೈಗೆ ಬಂದ ಕೂಡಲೇ ಅದನ್ನು ತೆಗೆಯುವ ಡಬ್ಲ್ಯುಪಿ ಅನ್‌ಸ್ಲ್ಯಾಷ್ ಫಂಕ್ಷನ್ ಒಂದೇ ಬಾರಿ ಸಾಕು. ಎರಡೂ ಅಲ್ಲವಾದರೆ ನಿಮ್ಮದೇ ಕೋಡಿನಲ್ಲಿ ಬ್ಯಾಕ್‌ಸ್ಲ್ಯಾಷ್ ಸೇರಿಸುವ ಆ್ಯಡ್‌ಸ್ಲ್ಯಾಷಸ್ ಫಂಕ್ಷನ್ ಎಲ್ಲೋ ಅಡಗಿದೆ, ಹುಡುಕಿ ಕಿತ್ತುಹಾಕಿ. ಹಳೆಯ ದಾಖಲೆ ತಿದ್ದುವಾಗ ಟೇಬಲ್ಲಿನ ಪ್ರತಿ ತೆಗೆದಿಟ್ಟು ಹೆಸರಿನ ಕಾಲಂ ಒಂದಕ್ಕೇ ಕೈ ಹಾಕಿ, ಜೇಸನ್ ಕಾಲಂ ಮುಟ್ಟಬೇಡಿ.