ಕ್ಯಾಲಿಪರ್ ದೊಡ್ಡದಾದ ಮೇಲೆ ಪೆಡಲ್ ಆಳಕ್ಕಿಳಿದರೆ

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್‌ನ ಮುಂದಿನ ಚಕ್ರಗಳಿಗೆ 54 ಮಿ.ಮೀ. ಪಿಸ್ಟನ್ನಿನ ಕ್ಯಾಲಿಪರ್ (ಡಿಸ್ಕಿಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗ) ತೆಗೆಸಿ 60 ಮಿ.ಮೀ.ದು ಹಾಕಿಸಿದೆ. ಹಿಂದೆ ಡ್ರಮ್ ಹಾಗೇ ಇದೆ. ಈಗ ಪೆಡಲ್ ಮೊದಲಿಗಿಂತ ಕೆಳಗೆ ಹೋದ ಮೇಲೇ ಬ್ರೇಕ್ ಹಿಡಿಯುತ್ತದೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನೂ 20.6ರಿಂದ 22.2 ಮಿ.ಮೀ.ಗೆ ಏರಿಸೋಣ ಅಂತಾರೆ ಗ್ಯಾರೇಜಿನವರು. ಹಾಕಿಸಲೇ?

ಉತ್ತರ: ಈಗಲೇ ಬೇಡ. 60 ಮಿ.ಮೀ. ಪಿಸ್ಟನ್ನಿನ ವಿಸ್ತೀರ್ಣ ಹಳೆಯದಕ್ಕಿಂತ ಸುಮಾರು ಶೇ. 23 ಹೆಚ್ಚು. ಅಷ್ಟೇ ದೂರ ಸರಿಯಲು ಅದಕ್ಕೆ ಬೇಕಾದ ಬ್ರೇಕ್ ಆಯಿಲ್ಲೂ ಅಷ್ಟು ಹೆಚ್ಚು. ಹಾಗಾಗಿ ಪೆಡಲ್ ಸ್ವಲ್ಪ ಕೆಳಗಿಳಿಯುವುದು ಸಹಜ.

ಮಾಸ್ಟರ್ ಸಿಲಿಂಡರ್ ದೊಡ್ಡದು ಮಾಡಿದರೆ ಪೆಡಲ್ ಮೇಲೆ ಬರುತ್ತದೆ, ಗಟ್ಟಿಯಾಗುತ್ತದೆ, ಆದರೆ ಒತ್ತಡ ಕುಸಿಯುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುವ ಪುಷ್ ರಾಡ್ ಮೇಲೆ 2000 ನ್ಯೂಟನ್ ಬಲ ಬಿತ್ತೆನ್ನಿ: 20.6ರಲ್ಲಿ ಸುಮಾರು 60 ಬಾರ್, 22.2ರಲ್ಲಿ ಬರೀ 52. ಮುಂದೆ ಕ್ಯಾಲಿಪರ್ ತಂದ ಶೇ. 23ರ ಲಾಭದಲ್ಲಿ ಕೈಗುಳಿಯುವುದು ಶೇ. 6. ಏನೂ ಬದಲಿಸದ ಹಿಂದಿನ ಡ್ರಮ್‌ಗಂತೂ ಬರೀ ನಷ್ಟ, ಶೇ. 14 ಕಡಿಮೆ ಒತ್ತಡ. ಗಟ್ಟಿ ಪೆಡಲ್ ಅಂದರೆ ಒಳ್ಳೆಯ ಬ್ರೇಕ್ ಅಂತ ನಂಬಿ ಬಹಳ ಜನ ಇಲ್ಲೇ ಎಡವುತ್ತಾರೆ.

ಮೊದಲು ಪೆಡಲ್ ಬರೀ ಉದ್ದವಾಗಿದೆಯೋ, ಮೆತ್ತಗೂ ಆಗಿದೆಯೋ ನೋಡಿ. ಎಂಜಿನ್ ಓಡುತ್ತಿರಲಿ, ಗಾಡಿ ನಿಂತಿರಲಿ. ಒಮ್ಮೆ ತುಳಿದು ಬಿಟ್ಟು, ತಕ್ಷಣ ಮತ್ತೆರಡು ಸಲ ತುಳಿಯಿರಿ. ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಭಾಗ) ಸಡಿಲವಿದೆ, ಅಡ್ಜಸ್ಟ್ ಮಾಡಿಸಿ. ಮೇಲೆ ಬಂದರೂ ಸ್ಪ್ರಿಂಗ್ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್‌ನಲ್ಲಿ ಗಾಳಿ ಇದೆ. ಒಂದೇ ಸಮ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಆ ಗಾಡಿ ರಸ್ತೆಗೆ ಇಳಿಯಲೇಬಾರದು.

ಗಾಳಿ ಇದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಎಲ್ಲಿದೆ ನೋಡಿ. ಅದು ಮೇಲ್ತುದಿಯಲ್ಲೇ ಇರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ; ಎಷ್ಟು ಲೀಟರ್ ಆಯಿಲ್ ಸುರಿದರೂ ಗಾಳಿ ಮೇಲೆಯೇ ಕೂತಿರುತ್ತದೆ. ಬ್ಲೀಡ್ ಮಾಡುವಾಗ ಪೆಡಲ್ ಕೆಳಗೊಂದು ಮರದ ತುಂಡು ಇಟ್ಟುಕೊಳ್ಳಿ. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಸೀಲ್ ದಿನವೂ ಓಡಾಡದ ತುದಿಯಲ್ಲಿ ತುಕ್ಕು, ಕೊಳೆ ಕಟ್ಟಿರುತ್ತದೆ. ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ಸೀಲ್ ಅಲ್ಲಿಗೆ ಹೋಗಿ ತರಚಿಕೊಳ್ಳುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಸಾಮಾನ್ಯವಾಗಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಿಯೇ ತೆಗೆಯಬೇಕಾಗುತ್ತದೆ.

ಇಷ್ಟಾದ ಮೇಲೆ ಪೆಡಲ್ ಗಟ್ಟಿಯಾಗಿದ್ದು ಒಂದಿಷ್ಟು ಉದ್ದವಿದ್ದರೆ, ಹಳೇ ಮಾಸ್ಟರ್ ಸಿಲಿಂಡರನ್ನೇ ಇಟ್ಟುಕೊಳ್ಳಿ.

ಪ್ರಶ್ನೆ: ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಬ್ರೇಕಿನ ಒತ್ತಡ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಕಾಲಿನ ಬಲ ಅಷ್ಟೇ ಇದ್ದರೆ ಒತ್ತಡವೂ ಅಷ್ಟೇ. ರಬ್ಬರ್ ಹೋಸಿನಷ್ಟು ಇದು ಉಬ್ಬುವುದಿಲ್ಲ, ಅದಕ್ಕೇ ಪೆಡಲ್ ಕಡಿಮೆ ಇಳಿದು ಅದೇ ಒತ್ತಡ ಮುಟ್ಟುತ್ತದೆ. ಹಳತಾದ ರಬ್ಬರ್ ಹೋಸ್ ತೆಗೆದಿದ್ದರೆ ವ್ಯತ್ಯಾಸ ಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹೊಸ ರಬ್ಬರ್ ಹೋಸಿಗೆ ಹೋಲಿಸಿದರೆ ಅಷ್ಟಕ್ಕಷ್ಟೇ. ಹಾಕಿಸಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಬಿಗಿದು ಎಳೆಯುತ್ತಿದೆಯೇ, ಟೈರಿಗೆ ಉಜ್ಜುತ್ತಿದೆಯೇ ಎಂದು ಬಗ್ಗಿ ನೋಡಿ.